ಗೇಟಿಗೆ ಹೊಡೆದು ಮಿಕ್ಕ ಬಣ್ಣ

ಮನೆಯಿಂದ,
ಮಂಗಳವಾರ, ಹದಿನೆಂಟನೇ ತಾರೀಖು

ಈ ಕಾಗದ ಓದುತ್ತಿರುವವಳೇ, ಮೊದಲು ನಿನಗೇ ಹೇಳುವುದಿದೆ. ಕಾಗದ ಬಿಡಿಸಿದ ಕೂಡಲೇ ಕಡೆಯ ಸಾಲಿಗೆ ಕಣ್ಣು ಓಡಿಸುವ ನಿನ್ನ ಚಾಳಿ ನನಗೆ ಗೊತ್ತಿಲ್ಲವೇ? ಮೇಲಕ್ಕೆ ಬಾ. ನಿನ್ನಪ್ಪನ ಕಣ್ಣಿನ ಪೊರೆ ತೆಗೆದಿದ್ದಾರೆ, ಓದಿ ಹೇಳುವುದಕ್ಕೆ ನೀನಿದ್ದೀಯ, ಸರಿ. ಆದರೆ ಅಪ್ಪನಿಗೆ ನೋವಾಗುತ್ತದೆ ಎಂದು ನನ್ನ ಬೈಗುಳವನ್ನೆಲ್ಲ ನುಂಗಿ, ‘ಅಮ್ಮ ಕ್ಷೇಮ ಕೇಳಿದ್ದಾಳೆ’ ಎಂದು ಎರಡು ಮಾತಿನಲ್ಲಿ ಮುಗಿಸಿದೆಯೋ, ಅಲ್ಲಿಗೇ ಬಂದು ಕಿವಿ ಹಿಂಡುತ್ತೇನೆ. ತಲೆ ನರೆತಿದ್ದರೂ ನೀನು ನನ್ನ ಮಗಳೇ. ಒಂದಕ್ಷರ ಬಿಡದೆ ಗಟ್ಟಿಯಾಗಿ ಓದು. ಒತ್ತು ದೀರ್ಘ ತಪ್ಪಿದ್ದರೆ ನಗಬೇಡ, ಮೂರನೇ ಕ್ಲಾಸು ಓದಿದವಳಿಗೆ ಬರುವುದು ಇಷ್ಟೇ.

ಇನ್ನು ನಮ್ಮನೆ ಯಜಮಾನರಿಗೆ.

ಹೇಗಿದ್ದೀರಿ? ಕಣ್ಣಿಗೆ ಹನಿ ಹಾಕಲು ಬಂದರೆ ಮಗುವಿನ ಹಾಗೆ ತಲೆ ತಿರುಗಿಸುತ್ತೀರಂತೆ. ಊಟಕ್ಕೆ ಕರೆದರೆ ಹಸಿವಿಲ್ಲ ಎನ್ನುತ್ತೀರಂತೆ. ಹಗಲು ಹೊತ್ತೇ ಗೋಡೆ ಕಡೆ ಮುಖ ಮಾಡಿ ಮಲಗುತ್ತೀರಂತೆ. ಒಂದು ಕಣ್ಣು ಚೆನ್ನಾಗಿ ಬಂದಿದೆ, ಇನ್ನೊಂದನ್ನೂ ಮಾಡಿಬಿಡೋಣ ಎಂದು ಡಾಕ್ಟರು ಹೇಳಿದರೆ, “ಬೇಡ ಬಿಡಿ, ಇನ್ನು ನೋಡೋದೇನಿದೆ?” ಎಂದಿರಂತೆ. ಇಷ್ಟು ವರ್ಷ ನಿಮ್ಮ ಕಣ್ಣೆದುರಿಗೆ ಓಡಾಡಿಕೊಂಡಿದ್ದವಳು ನಾನು. ನನ್ನ ಕಿವಿಗೆ ಆ ಮಾತು ಬಿದ್ದರೆ ಹೇಗಿರುತ್ತದೆ ಎಂದು ಯೋಚಿಸಿದಿರಾ? ಫೋನು ಮಾಡಿದರೆ “ಹ್ಞೂಂ, ಆಯ್ತು” ಎಂದು ಮಗಳ ಕೈಗೆ ದಾಟಿಸುತ್ತೀರಿ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದನ್ನು ಯಾರ ಕೈಗೂ ದಾಟಿಸುವುದಕ್ಕಾಗುವುದಿಲ್ಲ. ನಾನು ಚೆನ್ನಾಗಿದ್ದೇನೆ. ಮೆಟ್ಟಿಲು ಹತ್ತುವಾಗ ಮಂಡಿ ಗೊಣಗುತ್ತದೆ, ಅದೂ ನಿಮ್ಮಷ್ಟಲ್ಲ.

ಈಗ ಕಾರಿನ ವಿಷಯ. ಮುಖ ತಿರುಗಿಸಬೇಡಿ. ಮಗಳ ಮನೆಗೆ ಹೊರಡುವ ದಿನ ನೀವು ಶೆಡ್ಡಿನಲ್ಲಿ ಅದರ ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಿರಿ. “ನನ್ನ ಕಣ್ಣು, ಇದರ ಎಂಜಿನ್ನು, ಎರಡೂ ಒಟ್ಟಿಗೇ ಕೈ ಕೊಟ್ವು ಕಣೇ” ಎಂದಿರಿ. ಒಂದನೇ ತಾರೀಖು ಬಂದು ಒಯ್ಯಲು ಹಳೆ ಕಬ್ಬಿಣದವನಿಗೆ ಹೇಳಿದ್ದೇನೆ ಎಂದೂ ಸೇರಿಸಿದಿರಿ. ಓದುತ್ತಿರುವ ಇವಳು ಹುಟ್ಟುವುದಕ್ಕೆ ಮೊದಲೇ ಮನೆಗೆ ಬಂದ ಕಾರು ಅದು. (ಹೌದು ಮಗಳೇ, ಚಿಕ್ಕವಳಿದ್ದಾಗ ತಿರುವು ತಿರುವಿಗೂ ಅದರೊಳಗೆ ವಾಂತಿ ಮಾಡಿಕೊಳ್ಳುತ್ತಿದ್ದವಳು ನೀನೇ. ಇದನ್ನೂ ಓದು.) ಒಂದು ವರ್ಷದಿಂದ ಅದರದ್ದು ಒಂದೇ ಗೋಳು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಏರುವುದು, ನೀವು ರಸ್ತೆ ಪಕ್ಕ ನಿಲ್ಲಿಸುವುದು, ಟವೆಲ್ಲು ಸುತ್ತಿ ರೇಡಿಯೇಟರಿನ ಮುಚ್ಚಳ ತಿರುಗಿಸುವುದು, ಬುಸ್ಸೆಂದು ಹಬೆ ಏಳುವುದು, “ನೋಡಿದ್ಯಾ, ಕುದೀತಿದೆ” ಎಂದು ನೀವು ಸುಟ್ಟ ಮಣಿಕಟ್ಟು ಊದಿಕೊಳ್ಳುವುದು. ಕಡೆಕಡೆಗೆ ಗೇಟು ದಾಟಿಸುವುದನ್ನೇ ಬಿಟ್ಟಿರಿ. ಗ್ಯಾರೇಜಿನವನನ್ನು ಕೇಳಿದರೆ, ಅವನು ಗೊತ್ತಲ್ಲ, ಏನು ಕೇಳಿದರೂ ಮೊದಲು ‘ಆಗಲ್ಲ’ ಎನ್ನುತ್ತಾನೆಂದು ನೀವೇ ಆಗಲ್ಲಪ್ಪ ಎಂದು ಹೆಸರಿಟ್ಟವನು, ಅವನೂ ಇದರ ಎಂಜಿನ್ನು ಬೆಂದುಹೋಗಿದೆ ಎಂದುಬಿಟ್ಟ. ನೀವು ನಂಬಿದಿರಿ.

ನಂಬದವಳು ಒಬ್ಬಳಿದ್ದಳು, ಇಲ್ಲಿ ನನ್ನ ಜೊತೆಗಿರುವ ನಿಮ್ಮ ಮೊಮ್ಮಗಳು. ನೀವು ಬಸ್ಸು ಹತ್ತಿದ ವಾರವೇ ರಜೆ ಹಾಕಿ ಶೆಡ್ಡಿಗೆ ಇಳಿದಳು. “ಅಜ್ಜಿ, ತಾತನ್ನ ಡಾಕ್ಟರಿಗೆ ತೋರಿಸಿದ್ವಿ. ಇದನ್ನೂ ಒಂದ್ಸಲ ತೋರಿಸದೆ ಕಳಿಸೋದು ಯಾವ ನ್ಯಾಯ?” ಎಂದಳು. ಹಾಲಿನ ಡೈರಿಯಲ್ಲಿ ದಿನವೆಲ್ಲ ಹಾಲಿನ ಬಿಸಿ ಅಳೆಯುವವಳಲ್ಲವೇ, ಅಲ್ಲಿಂದ ಉದ್ದನೆಯ ಥರ್ಮಾಮೀಟರು ಒಂದನ್ನು ಕೇಳಿ ತಂದಿದ್ದಳು. ಆಗಲ್ಲಪ್ಪನನ್ನೂ ಕರೆಸಿದಳು. ಅವನು ಆಗಲ್ಲ ಎಂದುಕೊಂಡೇ ಬಂದ. ತಣ್ಣಗಿರುವಾಗ ಮುಚ್ಚಳ ತೆಗೆದು ನೋಡಿದರು, ನೀರು ತುಂಬಿತ್ತು. ಎಂಜಿನ್ನು ಒಳಗೆ ಒಡೆದಿದ್ದರೆ ಎಣ್ಣೆ ಸೇರಿ ನೀರು ಹಾಲು ಹಾಕಿದ ಟೀ ಹಾಗಾಗುತ್ತದಂತೆ, ಹಾಗೇನೂ ಆಗಿರಲಿಲ್ಲ. ಫ್ಯಾನಿನ ಬೆಲ್ಟು ಒತ್ತಿ ನೋಡಿದರು, ಬಿಗಿಯಾಗಿತ್ತು. ಆಮೇಲೆ ನೀರಿನ ದಾರಿಯಲ್ಲಿ ಒಂದು ಪುಟ್ಟ ಬಾಗಿಲಿರುತ್ತದೆ, ಥರ್ಮೋಸ್ಟಾಟು ಅಂತೆ, ನನ್ನ ನಾಲಿಗೆ ಹೊರಳುವುದಿಲ್ಲ. ಎಂಜಿನ್ನು ಬಿಸಿಯಾದಾಗ ಅದು ತೆರೆದು ನೀರು ಬಿಡಬೇಕು. ಅದನ್ನು ಬಿಚ್ಚಿ ತಂದು, ದಾರ ಕಟ್ಟಿ, ನನ್ನ ಹಾಲು ಕಾಯಿಸುವ ಪಾತ್ರೆಯಲ್ಲಿ ನೀರು ಹಾಕಿ, ಅದರೊಳಗೆ ಇಳಿಬಿಟ್ಟು ಒಲೆ ಹಚ್ಚಿದಳು. ನಾನು ಕೂಗಾಡಿದೆ. ಕೂಗಾಡುತ್ತಲೇ ಬಗ್ಗಿ ನೋಡಿದೆ ಅನ್ನಿ. ನೀರು ಕಾಯುತ್ತಾ ಬಂದಂತೆ ಅದು ಮೆಲ್ಲಗೆ ಬಾಯಿ ತೆರೆಯಿತು, ಆರಿದ ಮೇಲೆ ಮುಚ್ಚಿಕೊಂಡಿತು. ಬಾಯಿ ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂದು ನಮ್ಮ ಮನೆಯಲ್ಲಿ ತಿಳಿದಿರುವುದು ಅದೊಂದಕ್ಕೇ ಎಂದು ಕಾಣುತ್ತದೆ. ಆ ಪಾತ್ರೆಯಲ್ಲಿ ಇನ್ನು ಹಾಲು ಕಾಯಿಸುವುದಿಲ್ಲ, ನೀವು ಬಂದು ಬೇರೆಯದು ಕೊಡಿಸಬೇಕು.

ಎಲ್ಲ ಸೇರಿಸಿ, ಮುಚ್ಚಳ ಹಾಕದೆ, ರೇಡಿಯೇಟರಿನ ಬಾಯಿಗೆ ಥರ್ಮಾಮೀಟರು ಇಳಿಬಿಟ್ಟು ಅಂಗಳದಲ್ಲೇ ಎಂಜಿನ್ನು ಹಚ್ಚಿದರು. ಮುಳ್ಳು ನೋಡುತ್ತಿರು ಎಂದು ನನ್ನನ್ನು ನಿಮ್ಮ ಸೀಟಿನಲ್ಲಿ ಕೂರಿಸಿದರು. ಕಾಲು ನೆಲಕ್ಕೆ ಸರಿಯಾಗಿ ಮುಟ್ಟಲಿಲ್ಲ, ಆದರೂ ಕೂತವಳ ಠೀವಿಯೇ ಬೇರೆ. ಸ್ವಲ್ಪ ಹೊತ್ತಿಗೆ ಮುಳ್ಳು ಏರತೊಡಗಿತು. ನೋಡನೋಡುತ್ತಾ ಕೆಂಪಿಗೆ ಹೋಗಿ ನಿಂತಿತು. ಆಗಲ್ಲಪ್ಪ, “ನಾನು ಹೇಳಿರಲಿಲ್ವಾ ಅಜ್ಜಿ” ಎಂದು ಕೈ ಒರೆಸಿಕೊಂಡ. ಹುಡುಗಿಯ ಮುಖ ನೋಡಲಾಗಲಿಲ್ಲ. ಅವಳ ಮುಖ ನೋಡಲಾರದೆಯೇ ನಾನು ಮತ್ತೆ ಮುಳ್ಳು ತಿರುಗುವ ಆ ಗಡಿಯಾರಗಳ ಕಡೆ ತಿರುಗಿದ್ದು. ಬಿಸಿಯ ಪಕ್ಕದಲ್ಲೇ ಪೆಟ್ರೋಲಿನದಿದೆಯಲ್ಲ, ಅದರ ಮುಳ್ಳು ತುಂಬಿದ ಗೆರೆಯನ್ನೂ ದಾಟಿ ನಿಂತಿತ್ತು. ಬೆಳಿಗ್ಗೆ ಒಣಗಿದ ಟ್ಯಾಂಕಿಗೆ ಒಂದು ಸಣ್ಣ ಕ್ಯಾನು ಸುರಿದದ್ದು ನನ್ನೆದುರಿಗೇ. “ಅಲ್ಲ ಕಣೇ, ಪೆಟ್ರೋಲೇನು ಒಲೆ ಮೇಲಿನ ಹಾಲಾ, ತಾನಾಗೇ ಉಕ್ಕೋಕೆ? ಈ ಮುಳ್ಳೂ ಯಾಕೆ ಮೇಲೆ ಕೂತಿದೆ?” ಎಂದು ಕೇಳಿದೆ. ಹುಡುಗಿ ಓಡಿಹೋಗಿ ಥರ್ಮಾಮೀಟರು ಎತ್ತಿ ನೋಡಿದಳು. ನೀರು ಎಷ್ಟು ಬಿಸಿ ಇರಬೇಕೋ ಅಷ್ಟೇ ಇತ್ತು. ಕುದಿಯುವ ಮಾತು ದೂರವೇ ಉಳಿಯಿತು.

ಆಮೇಲೆ ಆಗಲ್ಲಪ್ಪ ತಾನಾಗಿಯೇ ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿದ. ಅದರ ಹಿಂದೆ ಬೆಂಕಿಪೊಟ್ಟಣದಂಥ ತಗಡಿನ ಡಬ್ಬಿ ಒಂದಿದೆ. ಎರಡು ಮುಳ್ಳುಗಳಿಗೂ ಕರೆಂಟು ಅಳೆದು ಕೊಡುವುದು ಅದೇ. ಅದರ ಮೈ ಕಾರಿನ ಬರಿ ಕಬ್ಬಿಣಕ್ಕೆ ತಾಗಿಕೊಂಡಿರಬೇಕು. ತಾಗದಿದ್ದರೆ ಲೆಕ್ಕ ತಪ್ಪಿ ಎರಡಕ್ಕೂ ಜಾಸ್ತಿ ಕೊಡುತ್ತದೆ, ಎರಡೂ ಸುಮ್ಮನೆ ಮೇಲೆ ಹೋಗುತ್ತವೆ. ಅವನು ಒಂದು ವೈರಿನ ತುದಿಯನ್ನು ಡಬ್ಬಿಗೂ ಇನ್ನೊಂದನ್ನು ಕಬ್ಬಿಣಕ್ಕೂ ಹಿಡಿದ. ಸ್ವಲ್ಪ ಹೊತ್ತಿನಲ್ಲಿ ಎರಡು ಮುಳ್ಳೂ ಬೈಸಿಕೊಂಡ ಮಕ್ಕಳ ಹಾಗೆ ತಲೆ ತಗ್ಗಿಸಿ ಕೆಳಗಿಳಿದವು. ಸ್ಕ್ರೂ ಬಿಚ್ಚಿ ನೋಡಿದರೆ ಡಬ್ಬಿಯ ಕೆಳಗೆ ಏನಿತ್ತು ಹೇಳಿ? ಹಸಿರು ಬಣ್ಣ. ನಮ್ಮ ಗೇಟಿನ ಹಸಿರು. ಗೇಟಿಗೆ ಹೊಡೆದು ಮಿಕ್ಕಿತೆಂದು ಬಕೆಟ್ಟಿಗೆ ಹೊಡೆದಿರಿ, ಅಂಚೆ ಡಬ್ಬಕ್ಕೆ ಹೊಡೆದಿರಿ, ನನ್ನ ಮಣೆಗೆ ಹೊಡೆದು ಸೀರೆ ಅಂಟಿಸಿದಿರಿ. ಅಲ್ಲಿಗೂ ಮುಗಿಯದೆ, ತುಕ್ಕು ಹಿಡಿಯಬಾರದೆಂದು ಡ್ಯಾಶ್‌ಬೋರ್ಡಿನ ಹಿಂದಕ್ಕೂ ಬಳಿದು, ಅದರ ಮೇಲೆ ಡಬ್ಬಿ ಕೂರಿಸಿದಿರಿ. ಗೇಟಿಗೆ ಬಣ್ಣ ಬಂದ ವರ್ಷವೇ ಕಾರಿಗೆ ಜ್ವರ ಬಂದದ್ದು. ನಮ್ಮ ಯಾರ ತಲೆಗೂ ಹೊಳೆಯಲಿಲ್ಲ, ಕೆಂಪಿನ ಗಾಬರಿಯಲ್ಲಿ ಪಕ್ಕದ ಮುಳ್ಳನ್ನೂ ಯಾರೂ ನೋಡಲಿಲ್ಲ. ಚಾಕುವಿನಿಂದ ಬಣ್ಣ ಕೆರೆದು ಡಬ್ಬಿ ಕೂರಿಸಿದರು, ಅಷ್ಟೇ ಚಿಕಿತ್ಸೆ.

ಹಾಗಾದರೆ ಆ ಹಬೆ ಎಲ್ಲಿಂದ ಬಂತು ಎನ್ನುತ್ತೀರಿ. ನಾನೂ ಅದನ್ನೇ ಕೇಳಿದೆ. ಮುಚ್ಚಳ ಬಿಗಿಯಾಗಿರುವವರೆಗೂ ಒಳಗಿನ ಬಿಸಿನೀರು ಒತ್ತಡದಲ್ಲಿ ಸುಮ್ಮನಿರುತ್ತದೆ. ಬಿಸಿಯಲ್ಲಿ ತೆರೆದರೆ ಒಳ್ಳೆಯ ಎಂಜಿನ್ನೂ ಉಗುಳುತ್ತದೆ ಎಂದು ಹುಡುಗಿ ಹೇಳಿದಳು. ನಾನು ಕುಕ್ಕರು ಇಳಿಸಿದಾಗಲೆಲ್ಲ ಅಡುಗೆಮನೆ ಬಾಗಿಲಿಗೆ ಬಂದು “ಹಬೆ ಆರೋತನಕ ಮುಟ್ಟಬೇಡ” ಎಂದು ಉಪದೇಶ ಮಾಡುವವರು ನೀವು. ರಸ್ತೆಯಲ್ಲಿ ಅದೇ ಕೆಲಸ ಮಾಡಿ ಕೈ ಸುಟ್ಟುಕೊಂಡಿರಿ. ಮುಳ್ಳು ಸುಳ್ಳು ಹೇಳಿತು, ನೀವು ಆ ಸುಳ್ಳಿಗೆ ಸಾಕ್ಷಿ ಹುಟ್ಟಿಸಿದಿರಿ. ನಿಜವಾಗಿ ಹಾಳಾಗಿದ್ದದ್ದು ಮುಚ್ಚಳದ ರಬ್ಬರು ಮಾತ್ರ, ಅದೂ ನಿಮ್ಮ ಕೈಯಲ್ಲಿ ತಿರುಗಿ ತಿರುಗಿ ಸವೆದು. ಬೇರೆ ಮುಚ್ಚಳ ಹಾಕಿದ್ದಾಯಿತು.

ನಿನ್ನೆ ಸಂಜೆ ಹೋಗಿ ಬಂದೆವು. ಬೇಕೆಂದೇ ವಾಹನ ಕಿಕ್ಕಿರಿಯುವ ಹೊತ್ತಿನಲ್ಲಿ, ನೀರಿನ ಟ್ಯಾಂಕಿನ ಏರಿನ ಮೇಲೆ. ನಾನು ಮುಂದೆಯೇ ಕೂತಿದ್ದೆ. ಏರಿನ ಅರ್ಧದಲ್ಲಿ ಮುಂದಿನ ಲಾರಿ ನಿಂತುಬಿಟ್ಟಿತು. ನೀವು ಬೆವರುತ್ತಿದ್ದ ಜಾಗವೇ ಅದು. ನಾನು ಬಗ್ಗಿ ನೋಡಿದೆ. ಮುಳ್ಳು ನಡುವಿನ ಗೆರೆ ಬಿಟ್ಟು ಕದಲಲಿಲ್ಲ. ಮನೆಗೆ ಬಂದಾಗ ಆಗಲ್ಲಪ್ಪ ಗೇಟಿನ ಹತ್ತಿರ ಕಾಯುತ್ತಿದ್ದ. “ಅಜ್ಜಿ, ನಾಳೆಯಿಂದ ಗ್ಯಾರೇಜಿಗೆ ಕೆಲಸಕ್ಕೆ ಬಂದ್ಬಿಡಿ” ಎಂದ. ಮೊದಲು ಅದನ್ನು ಗುಡಿಸಿಡು, ಆಮೇಲೆ ಯೋಚಿಸುತ್ತೇನೆ ಎಂದೆ.

ಎರಡೂ ಒಟ್ಟಿಗೇ ಕೈ ಕೊಟ್ವು ಎಂದಿದ್ದಿರಲ್ಲ, ಅದರಲ್ಲಿ ಒಂದು ಕೈ ಕೊಟ್ಟಿರಲೇ ಇಲ್ಲ. ಇನ್ನೊಂದರ ವಿಷಯ ನಿಮಗೇ ಬಿಟ್ಟದ್ದು.

ಹನಿ ತಪ್ಪಿಸಬೇಡಿ. ಬಡಿಸಿದ್ದನ್ನು ತಿನ್ನಿ. ಅಳಿಯಂದಿರಿಗೆ ನನ್ನ ಆಶೀರ್ವಾದ ತಲುಪಿಸಿ. ಇಷ್ಟೂ ಓದಿದ ಮಗಳಿಗೆ ಗಂಟಲು ಒಣಗಿರುತ್ತದೆ, ಒಂದು ಲೋಟ ನೀರು ಕುಡಿಯಲು ಹೇಳಿ.

ನಿಮ್ಮನ್ನು ಬೈಯಲು ಎದುರಿಗೆ ಯಾರೂ ಇಲ್ಲದೆ ಬಾಯಿ ತುಕ್ಕು ಹಿಡಿಸಿಕೊಂಡು ಕೂತಿರುವ,
ನಿಮ್ಮ ಮನೆಯವಳು

ತಾ.ಕ.: ಅಂಚೆಯವನ ಸೈಕಲ್ಲು ಪಕ್ಕದ ಮನೆಗೆ ಬಂದಾಯಿತು, ಬೇಗ ಬರೆಯುತ್ತಿದ್ದೇನೆ. ಹಳೆ ಕಬ್ಬಿಣದವನ ಚಿಂತೆ ಬೇಡ, ಹಗ್ಗ ಹಿಡಿದು ಮೊದಲೇ ಬಂದಿದ್ದ, ಗೇಟಿನಿಂದಲೇ ಕಳಿಸಿದೆ. ನನಗೆ ಬೇಕಾಗಿರುವುದು ನಿಮ್ಮ ಇನ್ನೊಂದು ಕಣ್ಣಿನ ತಾರೀಖು. ಅದು ಮುಗಿದ ಮೇಲೆ ನಿಮ್ಮನ್ನು ಕರೆತರಲು ಈ ಕಾರಿನಲ್ಲೇ ಬರುತ್ತೇವೆ. ಡಾಕ್ಟರು ಒಪ್ಪುವವರೆಗೆ ಮೊಮ್ಮಗಳು ಓಡಿಸುತ್ತಾಳೆ, ಅವಳ ಕಣ್ಣು ರಸ್ತೆಯ ಮೇಲಿರಬೇಕು. ನಾನು ಯಾವತ್ತಿನ ಹಾಗೆ ಹಿಂದೆ ಕೂರುತ್ತೇನೆ, ಅಲ್ಲಿಂದ ಮುಳ್ಳು ಕಾಣುವುದಿಲ್ಲ. ಮುಂದೆ ಕೂತು ಅದನ್ನು ನೋಡಿಕೊಳ್ಳಲು ಎರಡು ಕಣ್ಣು ನೆಟ್ಟಗಿರುವವರು ಒಬ್ಬರು ಬೇಕು. ಮಗಳೇ, ನೀನು ಪೆನ್ನು ಮುಟ್ಟಬೇಡ, ಅಪ್ಪನ ಕೈಗೆ ಕೊಡು. ಸಾಲು ಸೊಟ್ಟಗಾದರೂ ಚಿಂತೆಯಿಲ್ಲ, ಮಾಡಿಸಿಕೊಂಡ ಆ ಒಂದು ಕಣ್ಣಿನಲ್ಲಿ ನೋಡಿಕೊಂಡು, ಮುಂದಿನ ತಿಂಗಳು ಹುಟ್ಟುವುದರೊಳಗೆ ನೀವೇ ಉತ್ತರ ಬರೆಯಿರಿ.