ಅಂಚಿಗೆ ಹೋಗದ ನೀರು

ಮಾರ್ಚ್ 3, ಬೆಳಿಗ್ಗೆ
ಕಂಪ್ಯೂಟರಿನಲ್ಲಿ ಸಿಮ್ಯುಲೇಶನ್ ಇನ್ನೂ ಓಡುತ್ತಿದೆ. ಕಾಫಿ ಆರಿ ಹೋಯಿತು. ಕೈಯಲ್ಲಿರುವ ಕೆಲಸ, ಆಸ್ಪತ್ರೆಯ ಸ್ಕ್ಯಾನ್ ಯಂತ್ರದ ಚಿಪ್ ತಣ್ಣಗಿಡುವ ತಾಮ್ರದ ತಟ್ಟೆ; ಒಳಗೆ ಕೂದಲೆಳೆಯಂಥ ಚಾನೆಲ್‌ಗಳು, ಅವುಗಳಲ್ಲಿ ನೀರು. ನಮ್ಮ ಆಫೀಸಿನ ಪದ್ಧತಿ—ಒಂದೇ ಚಾನೆಲ್ ಲೆಕ್ಕ ಹಾಕು, ಉಳಿದವೂ ಹಾಗೇ ಎಂದುಕೋ. ಅಣ್ಣ ಕಲಿಸಿದ್ದು. ಕಂಪನಿ ಅವನದು, ಮನೆಯೂ ಅವನದು. ಗಂಡನನ್ನು ಬಿಟ್ಟು ಮಗಳೊಂದಿಗೆ ಬಂದಾಗ ಯಾಕೆ ಅಂತ ಕೂಡ ಕೇಳದೆ ಮಹಡಿಯ ಕೋಣೆ ಕೊಟ್ಟವನು. ಈ ಸಲ ತಲೆಗೆ ಏನೋ ಹುಳ ಹೊಕ್ಕು ಎಲ್ಲ ಚಾನೆಲ್‌ಗಳನ್ನೂ ಸೇರಿಸಿ ಓಡಿಸಿದ್ದೇನೆ.

ಮಾರ್ಚ್ 5
ಮುಗಿಯಿತು. ನೀರೆಲ್ಲ ನಡುವಿನ ಚಾನೆಲ್‌ಗಳಿಗೇ ನುಗ್ಗುತ್ತದೆ. ಅಂಚಿನವು ಬಾಯಾರಿ ಕೂತಿವೆ. ಚಿಪ್‌ನ ಒಂದು ಮೂಲೆ ಸ್ಕ್ರೀನಿನಲ್ಲಿ ಕೆಂಪು, ಅಷ್ಟು ಬಿಸಿ. ಒಂದೇ ಚಾನೆಲ್‌ನ ಲೆಕ್ಕದಲ್ಲಿ ಎಲ್ಲ ತಂಪೋ ತಂಪು... ನಂಬಿಕೆ ಬರದೆ ಮತ್ತೆ ಓಡಿಸಲು ಇಟ್ಟೆ.

ಮಾರ್ಚ್ 8
ಮತ್ತೆ ಅದೇ ಕೆಂಪು. ರೋಗಿ ಒಳಗಿರುವಾಗಲೇ ಯಂತ್ರ ಕೈಕೊಡಬಹುದು.
ಅಣ್ಣನಿಗೆ ತೋರಿಸಿದೆ. ತುಂಬ ಹೊತ್ತು ಸ್ಕ್ರೀನ್ ನೋಡಿದ. ತಟ್ಟೆ ಕೊರೆಯಲು ಆಗಲೇ ಕೊಟ್ಟಾಗಿದೆಯಂತೆ. ಈ ಆರ್ಡರ್ ಹೋದರೆ ಆಫೀಸಿಗೆ ಬೀಗವಂತೆ. ನನ್ನ ತಲೆ ಸವರಿದ.
"ನಾಳೆ ಯಂತ್ರದವ್ರು ಬಂದಾಗ ಒಂದೇ ಚಾನೆಲ್‌ನ ಲೆಕ್ಕ ತೋರ್ಸು ಪುಟ್ಟಿ. ಮುಂದಿನ ಡಿಸೈನಲ್ಲಿ ಸರಿ ಮಾಡೋಣ."
ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಮಾರ್ಚ್ 9
ಸ್ಕ್ಯಾನ್ ಯಂತ್ರದವರ ಕಡೆಯ ಇಂಜಿನಿಯರ್, ನರೆಗೂದಲಿನ ಹೆಂಗಸು, ನೇರ ನನ್ನನ್ನೇ ಕೇಳಿದರು: "ಎಲ್ಲಾ ಚಾನೆಲ್‌ಗೂ ನೀರು ಸಮ ಹೋಗುತ್ತಾ ಮೇಡಂ?"
"ಹೋಗುತ್ತೆ" ಎಂದೆ. ಎಷ್ಟು ಸಲೀಸಾಗಿ ಬಂತು ಬಾಯಿಗೆ! ಊಟದ ಹೊತ್ತಿಗೆ ಅಣ್ಣ ಎಲ್ಲರೆದುರು ನನ್ನನ್ನು ಹೊಗಳಿ ಅಟ್ಟಕ್ಕೇರಿಸಿದ. ನಾಚಿಕೆ.

ಮಾರ್ಚ್ 20
ಬರೆಯಲು ಮನಸ್ಸಿರಲಿಲ್ಲ. ತಟ್ಟೆ ತಯಾರಾಗಿ ಅವರಲ್ಲಿಗೆ ಹೋಯಿತು. ನಾಡಿದ್ದು ಯಂತ್ರಕ್ಕೆ ಜೋಡಿಸುತ್ತಾರಂತೆ. ಇತ್ತ ಅತ್ತಿಗೆ ನನ್ನ ಕೋಣೆಗೆ ಹೊಸ ಪರದೆ ಹಾಕಿಸಿದ್ದಾಳೆ, ನನಗಿಷ್ಟದ ಹಸಿರು. ಇವರು ಇಷ್ಟು ಒಳ್ಳೆಯವರಾಗಬಾರದಿತ್ತು.

ಮಾರ್ಚ್ 21, ಸಂಜೆ
ಆ ಇಂಜಿನಿಯರಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ—ಅಂಚು, ಮೂಲೆ, ನನ್ನ ಸುಳ್ಳು. ಯಾವ ಮೂಲೆ ಎಂದು ಕೇಳಿ ಬರೆದುಕೊಂಡರು. ಆಮೇಲೆ, "ಜೋಡ್ಸೋದು ನಿಲ್ಲಿಸ್ತೀನಿ. ನಿಮ್ಮಣ್ಣನಿಗೆ ನೀವೇ ಹೇಳ್ತೀರಾ?"
ಹೂಂ ಎಂದೆ.
ಬಟ್ಟೆ ಬ್ಯಾಗಿಗೆ ತುಂಬಿ ಕೂತಿದ್ದೇನೆ. ಎಲ್ಲಿಗೆ? ಗೊತ್ತಿಲ್ಲ. ಕೆಳಗೆ ಗೇಟಿನ ಸದ್ದು. ಅಣ್ಣ ಬಂದ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡಿರಬೇಕು, ಇಬ್ಬರೂ ನಗುತ್ತಾ ಮೆಟ್ಟಿಲು ಹತ್ತುತ್ತಿದ್ದಾರೆ. ಬಾಗಿಲಾಚೆಯಿಂದ "ಪುಟ್ಟೀ" ಎಂದ. ಎಲ್ಲಿಂದ ಶುರು ಮಾಡಲಿ, ಮೊದಲು ಮಗಳನ್ನು ಕೆಳಗಿಳಿಸು ಅನ್ನಲೋ—