ಸಪ್ಪಳದ ಅರ್ಜಿ

ಸುರಪುರ
೧೪ ಆಗಸ್ಟ್ ೨೦೨೩, ಸೋಮವಾರ

ಪ್ರೀತಿಯ ಚಮನಬೀ,

ನಿನಗೆ ಸಲಾಂ, ನನ್ನ ಕಡೆಯಿಂದ ಜೈಭೀಮ್, ತಹಸೀಲ್ ಕಚೇರಿ ಎದುರಿನ ನಮ್ಮ ಅಂಗಡಿ ಸಾಲಿನ ಸಮಸ್ತ ಧೂಳಿನ ಪರವಾಗಿ ನಮಸ್ಕಾರ.

ವಿಷಯ: ಟೈಪಿಂಗಿಗೆ ಕೀಬೋರ್ಡ್ ಒಂದನ್ನು ಆರಿಸಿದ ಬಗ್ಗೆ.
ಉಲ್ಲೇಖ: ನೀನು ಜಗಳವನ್ನೂ ಮಾಡದೆ ಎದ್ದು ಯಾದಗಿರಿಗೆ ಹೋದದ್ದು.

ನಗಬೇಡ. ಇಪ್ಪತ್ತೆರಡು ವರ್ಷ ಊರಿನವರ ಅರ್ಜಿ ಹೊಡೆದ ಕೈಗೆ ಪತ್ರ ಬರೆಯುವುದು ಮರೆತುಹೋಗಿದೆ. ಪ್ರೀತಿ ಬರೆಯಹೋದರೂ 'ಮಾನ್ಯರೇ' ಎಂದೇ ಬರುತ್ತದೆ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಾನು ಎರಡನೇ ವಾಕ್ಯಕ್ಕೆ ಬರುವಷ್ಟರಲ್ಲಿ ನೀನು 'ಹೋಗ್ಲಿ ಬಿಡ ಮೋನಿ' ಅಂದುಬಿಡುತ್ತಿ. ನಾನೂ ಬಿಟ್ಟುಬಿಡುತ್ತೇನೆ, ಬಿಡುವುದರಲ್ಲಿ ನಾನು ಮೊದಲಿನಿಂದಲೂ ಚುರುಕು. ಅರ್ಜಿಯಾದರೆ ಹಾಗಲ್ಲ, ಸಹಿಯವರೆಗೂ ಓದಲೇಬೇಕು. ನಿನಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಬರೆಯುತ್ತೇನೆ. ಅರ್ಜಿದಾರರಿಗೆ ನೀನೇ ಹೇಳುತ್ತಿದ್ದೆಯಲ್ಲ, 'ಸಾಹೇಬ್ರಿಗಿ ಏನೂ ಗೊತ್ತಿಲ್ಲಂತ ತಿಳಕೊಂಡು ಹೇಳ್ರಿ' ಅಂತ.

ಕಾಲುವೆಗೆ ನೀರು ಬಿಟ್ಟಿದ್ದಾರೆ. ಮೇಲಿನವರ ಹೊಲದಲ್ಲಿ ಭತ್ತದ ನಾಟಿ, ಕೆಳಗಿನವರ ಕೈಯಲ್ಲಿ ಅರ್ಜಿ. ನೀರು ಕೊನೆಯ ಹೊಲ ಮುಟ್ಟುವವರೆಗೆ ನಮ್ಮ ಸಾಲಿಗೆ ಸುಗ್ಗಿ. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಕಟ್ಟೆಯ ಮೇಲೆ ಏಳೆಂಟು ರುಮಾಲು ಕೂತಿರುತ್ತವೆ. ಎಲ್ಲವೂ ನನ್ನ ಪಾಲಿನವೇ. ಒಂದು ಕಾಲದಲ್ಲಿ ನಾನು ಬೇಡಿಕೊಂಡದ್ದು ಇದನ್ನೇ, ಅದನ್ನು ಮುಂದೆ ಹೇಳುತ್ತೇನೆ.

ಒಂದೇ ಟೈಪಿಂಗ್ ಕ್ಲಾಸಿನ ಬೆಂಚಿನಿಂದ ಎದ್ದು ಬಂದು ಒಂದೇ ಕೋಣೆಯಲ್ಲಿ ಎರಡು ಮೇಜು ಹಾಕಿದವರು ನಾವು. ಪ್ರಿಂಟರು ಒಂದು, ಫ್ಯಾನು ಒಂದು, ಸಿಟ್ಟು ಎರಡು. ನಾನು ಬಿ.ಎ. ಮುಗಿಸಿದವಳು, ಹೊಸ ಕಾಲದ ತೆಳ್ಳಗಿನ ಕೀಬೋರ್ಡು ತಂದೆ. ನೀನು ನಿನ್ನ ಮಾಮಾ ಹೈದರಾಬಾದಿನಿಂದ ಹೊತ್ತು ತಂದ ಆ ಹಳೇ ಕೀಬೋರ್ಡು ಇಟ್ಟುಕೊಂಡೆ. ಇಟ್ಟಿಗೆಯ ಬಣ್ಣ, ಇಟ್ಟಿಗೆಯ ತೂಕ. ಅದರ ಮೇಲೆ ನಿನ್ನ ಹತ್ತು ಬೆರಳು ಬಿದ್ದರೆ ಕಚೇರಿಯ ಒಳಗೆ ತೂಕಡಿಸುತ್ತಿದ್ದವರೂ ನೆಟ್ಟಗೆ ಕೂರುತ್ತಿದ್ದರು.

ಜನಕ್ಕೆ ಬೇಕಾದದ್ದು ಆ ಸಪ್ಪಳವೇ. ಟೈಪ್‌ರೈಟರ್ ಕಾಲದಿಂದಲೂ ನಮ್ಮ ಕಡೆಯವರ ನಂಬಿಕೆ ಒಂದೇ: ಸಪ್ಪಳ ಮಾಡಿ ಹೊಡೆದ ಅರ್ಜಿ ಸಾಹೇಬರ ಮೇಜಿನ ಮೇಲೂ ಸಪ್ಪಳ ಮಾಡುತ್ತದೆ. ಕೆಂಭಾವಿ ಕಡೆಯ ಕುರಿಗಾರ ಮಲ್ಕಪ್ಪ ನೆನಪಿದ್ದಾನಲ್ಲ? ನನ್ನ ಮೇಜಿನ ಮುಂದೆ ಐದು ನಿಮಿಷ ಕೂತು, 'ಮೇಡಮ್ಮಾರ, ಬೆರಳ ಆಡ್ಸಾಕತ್ತೀರಿ, ಸಪ್ಪಳಾನೇ ಇಲ್ಲ. ಅರ್ಜಿ ಏರಾಕತ್ತದೋ ಇಲ್ಲೋ?' ಅಂದ. ಪರದೆ ತಿರುಗಿಸಿ ತೋರಿಸಿದೆ. 'ಅಕ್ಷರ ಕಾಣ್ತಾವ ಖರೆ, ಜೋರ ಕಾಣವಲ್ದು' ಅಂತ ಎದ್ದು ನಿನ್ನ ಸರದಿಯಲ್ಲಿ ಹೋಗಿ ನಿಂತ. ನೀನು ನಕ್ಕೆ. ನಾನೂ ನಕ್ಕೆ. ನನ್ನ ನಗುವಿನ ಒಳಗೆ ಹಲ್ಲು ಕಡಿಯುವ ಸದ್ದಿತ್ತು. ನಿನ್ನ ಕೀಬೋರ್ಡಿನ ಗದ್ದಲದಲ್ಲಿ ಅದು ನಿನಗೆ ಕೇಳಿಸಲಿಲ್ಲ.

ಹೀಗೆ ಒಂದು ದಿನವಲ್ಲ, ವರ್ಷಗಟ್ಟಲೆ. ನಿನ್ನ ಮುಂದೆ ಸಾಲು, ನನ್ನ ಮುಂದೆ ನೊಣ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಫೆಬ್ರುವರಿಯಲ್ಲಿ ನೀನು ವಡಗೇರಾಕ್ಕೆ ಮದುವೆಗೆ ಹೋಗಿ ಮೂರು ದಿನ ಬಿಟ್ಟು ಬಂದಾಗ ನಿನ್ನ ಮೇಜಿನ ಮೇಲೆ ಹೊಸ ಮೆತ್ತನೆಯ ಕೀಬೋರ್ಡು ಇತ್ತು. ಹಳೆಯದರ ವೈರನ್ನು ಇಲಿ ಕಡಿಯಿತು ಎಂದೆ. 'ನಿನಗಂತ ಹೊಸಾದ ತಂದೀನಿ ನೋಡ' ಎಂದೆ. ನೀನು ನನ್ನ ಗಲ್ಲ ಮುಟ್ಟಿ ಬೆರಳಿಗೆ ಮುತ್ತು ಕೊಟ್ಟುಕೊಂಡೆ.

ಚಮನಾ, ಆ ಇಲಿ ನಿರಪರಾಧಿ. ಅದಕ್ಕೆ ಎರಡೇ ಕಾಲಿದ್ದವು, ಬಿ.ಎ. ಪಾಸಾಗಿತ್ತು. ನಿನ್ನ ಕೀಬೋರ್ಡನ್ನು ನಾನೇ ಕಿತ್ತು ಗುಜರಿ ಗಾಡಿಗೆ ಹಾಕಿದೆ. ಸಪ್ಪಳ ಅಡಗಿದರೆ ಸಾಲು ಎರಡಾಗಿ ಹಂಚಿಕೊಳ್ಳುತ್ತದೆ ಎಂದಷ್ಟೇ ಲೆಕ್ಕ ಹಾಕಿದ್ದೆ. ನಿನ್ನ ಕೈಗೆ ಏನಾಗುತ್ತದೆ ಎಂದು ಯೋಚಿಸಿರಲಿಲ್ಲ.

ಆದದ್ದು ನಿನಗೆ ಗೊತ್ತು, ಯಾಕಾಯಿತು ಅನ್ನುವುದಷ್ಟೇ ಗೊತ್ತಿಲ್ಲ. ಟೈಪ್‌ರೈಟರ್ ಮೇಲೆ ಪಳಗಿದ ನಿನ್ನ ಬೆರಳು ಭುಜದಿಂದ ಬಲ ತಂದು ಹೊಡೆಯುತ್ತದೆ. ಒಳಗೆ ರಬ್ಬರಿದ್ದ ಆ ಅಗ್ಗದ ಕೀಬೋರ್ಡು ನಿನ್ನ ವೇಗಕ್ಕೆ ಅರ್ಧ ಅಕ್ಷರ ನುಂಗಿತು, ಉಳಿದರ್ಧವನ್ನು ಎರಡೆರಡು ಸಲ ಉಗುಳಿತು. ಕಾಲುವೆಯ ಕೊನೆಯ, ಟೇಲೆಂಡಿನ ರೈತರ ಅರ್ಜಿಯಲ್ಲಿ ಸರ್ವೆ ನಂಬರಿನ ಒಂದು ಅಂಕಿ ಬಿದ್ದುಹೋಗಿ ಅರ್ಜಿ ತಿರುಗಿ ಬಂತು. ಅವತ್ತು ಪಕ್ಕದ ಸ್ಟಾಂಪ್ ಪೇಪರಿನ ಚನ್ನಯ್ಯ ಕಟ್ಟೆಯ ಮೇಲಿದ್ದ ಅಷ್ಟೂ ಜನರ ಮುಂದೆ, 'ಚಮನಬೀ ಕೈ ಹೋತು ನೋಡ್ರಿ, ಇನ್ನ ಮೋನಮ್ಮನ ಹಂತ್ಯಾಕ ನಡೀರಿ' ಅಂದ. ನೀನು ಬೆರಳುಗಳನ್ನು ಸೆರಗಿನೊಳಗೆ ಇಟ್ಟುಕೊಂಡೆ.

ಸಂಜೆ ಬಾಗಿಲು ಹಾಕುವಾಗ ನೀನು ಕೇಳಿದೆ, 'ಮೋನಿ, ನನ್ನ ಬೆರಳು ಸತ್ತಾವೇನು?' ಆಗ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ. ಬಂದ ಮಾತು ಬೇರೆ. 'ವಯಸ್ಸಾತಲ್ಲ ತಂಗಿ. ನಲವತ್ತಾರಂದ್ರ ಕಡಿಮೇನ?' ಎಂದೆ. ನಿನಗಿಂತ ನಾನು ಎಂಟು ತಿಂಗಳಿಗೆ ದೊಡ್ಡವಳು. ಅದನ್ನೂ ನೀನು ಎತ್ತಿ ಆಡಲಿಲ್ಲ. ರಮ್ಜಾನ್ ಮುಗಿಸಿ ತಮ್ಮನ ಮನೆಗೆ ಅಂತ ಹೋದವಳು ಅಲ್ಲೇ ಸೀರೆಗೆ ಫಾಲ್ ಹಚ್ಚುತ್ತ ಉಳಿದೆ. 'ಟೈಪಿಂಗ್ ಬಿಟ್ಟೀನಿ, ಸೂಜಿ ತಪ್ಪಿದ್ರ ನನಗೇ ಚುಚ್ಚತದ, ಮಂದಿ ಹೊಲಕ್ಕಲ್ಲ' ಎಂದು ಫೋನಿನಲ್ಲಿ ಅಂದೆಯಲ್ಲ, ಆ ರಾತ್ರಿ ತಟ್ಟೆಯ ರೊಟ್ಟಿಯನ್ನು ಹಾಗೇ ಮುಚ್ಚಿಟ್ಟೆ.

ನಾನು ಎಂಥವಳು ನೋಡು. ಕಿತ್ತವಳು ನಾನೇ ಆಗಿದ್ದರೂ, ದಿನ ಕಳೆದಂತೆ ನನ್ನ ಸುಳ್ಳನ್ನು ನಾನೇ ನಂಬತೊಡಗಿದೆ. ಇರಬಹುದು, ವಯಸ್ಸೇ ಇರಬಹುದು, ಕೀಬೋರ್ಡಿನದೇನು ಪಾಪ ಎಂದುಕೊಂಡೆ. ಹೋದ ತಿಂಗಳು ನನ್ನ ಕಂಪ್ಯೂಟರ್ ಕೆಟ್ಟು ನಿನ್ನ ಮೇಜಿಗೆ ಕೂತೆ. ಅರ್ಧ ಪುಟ ಹೊಡೆದು ನೋಡಿದರೆ ಸಾಲಿಗೆ ಮೂರು ಅಕ್ಷರ ಮಾಯ. ನನ್ನ ಬೆಣ್ಣೆ ಬೆರಳಿಗೇ ಹೀಗಾದರೆ ನಿನ್ನ ಕಲ್ಲು ಬೆರಳಿಗೆ ಹೇಗಾಗಿರಬೇಡ. ಅವತ್ತಿನಿಂದ ನನಗೆ ಅಡಗಿಕೊಳ್ಳಲು ಮೂಲೆ ಉಳಿಯಲಿಲ್ಲ.

ನಿನ್ನ ಕೈ ನಿನಗೆ ಕೈಕೊಟ್ಟಿಲ್ಲ, ಚಮನಾ. ಕೈಕೊಟ್ಟವಳು ನಾನು.

ಗುಜರಿಯವನನ್ನು ಹುಡುಕಿದೆ, ನಿನ್ನ ಇಟ್ಟಿಗೆ ಯಾವತ್ತೋ ಪುಡಿಯಾಗಿತ್ತು. ಹಾಗಾಗಿ ಶನಿವಾರ ಶಹಾಪುರಕ್ಕೆ ಹೋದೆ. ಬಸ್‌ಸ್ಟ್ಯಾಂಡಿನ ಹಿಂದೆ ಮನ್ಸೂರಅಲಿ ಎಂಬುವರದು ಕಂಪ್ಯೂಟರ್ ಅಂಗಡಿ. ದಪ್ಪ ಕನ್ನಡಕ, ಸಣ್ಣ ದನಿ. ಗಟ್ಟಿ ಹೊಡೆಯುವ ಕೈಗೆ ಕೀಬೋರ್ಡು ಬೇಕು ಎಂದೆ. ಮೊದಲು ಒಂದು ತೋರಿಸಿದರು, ಗುಂಡಿ ಒತ್ತಿದರೆ ಏಳು ಬಣ್ಣದ ಲೈಟು ಹರಿದಾಡುತ್ತದೆ. ಅರ್ಜಿ ಹೊಡೆಯುವುದೋ ಉರುಸು ಮಾಡುವುದೋ ಎಂದೆ. ಬಲಗಡೆ ಅಂಕಿಗಳ ಗುಂಡಿಯೂ ಇರಲಿಲ್ಲ. ಸರ್ವೆ ನಂಬರ್ ಹೊಡೆಯಲು ಬಾರದ ಕೀಬೋರ್ಡು ಸುರಪುರದಲ್ಲಿ ಒಂದು ದಿನವೂ ಬಾಳಲಾರದು.

'ಹಂಗಾರ ಮೆಕ್ಯಾನಿಕಲ್ ತಗೋರಿ ಅಕ್ಕಾರ' ಅಂದರು. ಇದರೊಳಗೆ ರಬ್ಬರ್ ಇಲ್ಲವಂತೆ. ಪ್ರತಿ ಗುಂಡಿಯ ಕೆಳಗೂ ಅದರದೇ ಸ್ಪ್ರಿಂಗು, ಅದರದೇ ಸ್ವಿಚ್ಚು. ಕಲ್ಲು ಬೆರಳಿಗೂ ಹೆದರುವುದಿಲ್ಲ. ಸ್ವಿಚ್ಚಿನಲ್ಲಿ ಮೂರು ಬಣ್ಣ: ಕೆಂಪು, ಕಂದು, ನೀಲಿ. ಮೂರೂ ಇದ್ದ ಪುಟ್ಟ ಹಲಗೆಯೊಂದನ್ನು ಮುಂದಿಟ್ಟು, ಒತ್ತಿ ನೋಡಿ ಎಂದರು. ಒತ್ತಕ್ಷರದಲ್ಲೇ ಜೀವನ ಕಳೆದವಳಿಗೆ ಒತ್ತಲು ಯಾರಾದರೂ ಒತ್ತಾಯ ಮಾಡಬೇಕೇ?

ಕೆಂಪು ಸೀದಾ ಇಳಿಯುತ್ತದೆ, ತಡೆಯಿಲ್ಲ, ಸದ್ದಿಲ್ಲ. ಮೊಸರಿನಲ್ಲಿ ಚಮಚ. ಕಂದು ನಮ್ಮ ಗುಮಾಸ್ತರ ಹಾಗೆ: ನಡುವೆ ಒಂದು ಕ್ಷಣ ತಡೆಯುತ್ತದೆ, ಆಮೇಲೆ ಬಿಡುತ್ತದೆ, ಹೊರಗೆ ಯಾರಿಗೂ ಗೊತ್ತಾಗುವುದಿಲ್ಲ. ನೀಲಿ ಥೇಟ್ ಪಂಚಾಯಿತಿ ಮೆಂಬರು. ಮಾಡುವ ಕೆಲಸ ಅಷ್ಟೇ, ಆದರೆ ಮಾಡಿದ್ದು ಊರಿಗೆಲ್ಲ ಕೇಳಬೇಕು. ಕಟಕ್, ಕಟಕ್. ಕಾಲುವೆಯ ಗೇಟು ತಿರುವುವಾಗ ಕೈಗೆ ಸಿಗುವ ಚಕ್ರದ ಹಲ್ಲಿನ ಹಾಗೆ ಬೆರಳಿಗೆ ಸಿಗುತ್ತದೆ, ಅಕ್ಷರ ಬಿತ್ತು ಎಂದು ನೋಡದೆಯೇ ತಿಳಿಯುತ್ತದೆ.

ಹೊಡೆಯುವವರು ನೀವೇನಾ ಎಂದು ಮನ್ಸೂರಅಲಿ ಕೇಳಿದರು. ಅಲ್ಲ ಎಂದೆ. ನನ್ನ ಫೋನಿನಲ್ಲಿ, ಚಹಾದ ಗೊಲ್ಲಾಳಮ್ಮ ತನ್ನ ಮೊಮ್ಮಗಳ ಕಿವಿ ಚುಚ್ಚಿಸಿದ ದಿನ ತೆಗೆದ ವಿಡಿಯೋ ಇತ್ತು. ಅದರಲ್ಲಿ ಮಗು ಅಳುತ್ತದೆ, ಹಿಂದೆ ನೀನು ಟೈಪು ಮಾಡುತ್ತಿರುತ್ತಿ, ಮಗುವಿಗಿಂತ ಜೋರಾಗಿ. ಕೇಳಿಸಿದೆ. ಅವರು ಕನ್ನಡಕ ತೆಗೆದು, ಕಣ್ಣು ಮುಚ್ಚಿ, ಎರಡು ಸಲ ಕೇಳಿದರು. 'ಎಲ್ಲೂ ತಡವರಿಸವಲ್ರು. ಭಾಳ ಛಂದ ಹೊಡೀತಾರ್ರಿ' ಎಂದು, ಕೆಂಪನ್ನು ಪಕ್ಕಕ್ಕೆ ಸರಿಸಿದರು. ಕಂದಾಗಲಿ ನೀಲಿಯಾಗಲಿ, ಎರಡೂ ಈ ಕೈಗೆ ಸರಿ, ನೀವೇ ಆರಿಸಿ ಎಂದರು.

ನಾನು ಕಂದು ತೆಗೆದುಕೊಂಡೆ.

ಯಾಕೆಂದು ಕೇಳು. ಕೆಲಸಕ್ಕೆ ಕಂದು ಸಾಕು. ಅಕ್ಷರ ಬೀಳುವುದಿಲ್ಲ, ಕೈ ನೋಯುವುದಿಲ್ಲ, ಒಂದೇ ಕೋಣೆಯಲ್ಲಿ ಇಬ್ಬರಿದ್ದರೆ ತಲೆನೋವೂ ಇಲ್ಲ. ಇಷ್ಟೆಲ್ಲ ಕಾರಣ ಜೋಡಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದು, ಸುರಪುರದ ಬಸ್ಸಿನಲ್ಲಿ ಕಿಟಕಿಯ ಸೀಟು ಹಿಡಿದು, ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು ಕೂತೆ. ಕೂತ ಮೇಲೆ ಹೊಳೆಯಿತು: ಈ ಕಾರಣಗಳ ಹಿಂದೆ ಅದೇ ಎರಡು ಕಾಲಿನ ಇಲಿ ಕೂತಿದೆ. ನಿನ್ನ ಕೈ ನಿನಗೆ ಸಿಗಬೇಕು, ಆದರೆ ಸಪ್ಪಳ ಸಿಗಬಾರದು. ನೀನು ಬರಬೇಕು, ಸಾಲು ಮಾತ್ರ ನನ್ನ ಮುಂದೆಯೇ ಇರಬೇಕು. ತಪ್ಪು ತಿದ್ದಲು ಹೋದವಳು ಅದೇ ತಪ್ಪಿನ ಎರಡನೇ ಪ್ರತಿ ತೆಗೆದುಕೊಂಡು ಬರುತ್ತಿದ್ದೆ.

ಕಂಡಕ್ಟರ್ ಸೀಟಿ ಊದಿದ್ದ. ಇಳಿದೆ. 'ಏನವ್ವ, ಏರೋದಕ್ಕೊಂದು ಇಳಿಯೋದಕ್ಕೊಂದು ಬಸ್ ಬಿಡಬೇಕೇನು?' ಎಂದು ಬೈದ. ಅಂಗಡಿಗೆ ವಾಪಸ್ ಹೋದೆ.

'ಯಾಕ್ರಿ ಅಕ್ಕಾರ, ಕಂದು ಹೊಂದಲಿಲ್ಲೇನ್ರಿ?'

'ನನಗ ಭಾಳ ಹೊಂದತದ್ರಿ,' ಎಂದೆ. 'ಅದಕ್ಕ ಬ್ಯಾಡ. ನೀಲಿ ಕೊಡ್ರಿ.'

ಅವರು ಏನೂ ಕೇಳದೆ ಬದಲಿಸಿ ಕೊಟ್ಟರು. ಮುಂದಿನ ಬಸ್ಸಿನಲ್ಲಿ ನಿಂತೇ ಬಂದೆ, ಕಾಲು ನೋಯಲಿಲ್ಲ. ಎಷ್ಟೋ ತಿಂಗಳ ಮೇಲೆ ಮನೆಯಲ್ಲಿ ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಆ ಡಬ್ಬಿ ಈ ಪತ್ರದ ಜೊತೆಗೇ ಬಂದಿದೆ. ತಮ್ಮನ ಮಗಳ ಕಂಪ್ಯೂಟರಿಗೆ ಜೋಡಿಸು. ಯಾರೂ ಇಲ್ಲದಾಗ, ಬಾಗಿಲು ಮುಂದೆ ಮಾಡಿಕೊಂಡು, ಒಂದು ಪುಟ ಹೊಡೆದು ನೋಡು. ಏನು ಹೊಡೆಯಲಿ ಅನ್ನಬೇಡ, ನನ್ನನ್ನು ಬೈದು ಹೊಡಿ, ಒಂದು ಪುಟ ಸಾಲದು. ಒಂದೇ ಒಂದು ಅಕ್ಷರವೂ ಬಿದ್ದಿರಲಾರದು. ಅದನ್ನು ನಿನ್ನ ಕಣ್ಣಿನಿಂದ ನೀನು ನೋಡಬೇಕು, ನನಗೆ ಬೇಕಾದದ್ದು ಅಷ್ಟೇ.

ಆಮೇಲಿನದು ನಿನ್ನ ಮರ್ಜಿ. ಯಾದಗಿರಿಯಲ್ಲೇ ಅಂಗಡಿ ಇಡುವುದಾದರೆ ಇಡು, ಬೋರ್ಡು ಬರೆಸಲು ನಾನು ಬರುತ್ತೇನೆ. ಇಲ್ಲಿಗೆ ಬರುವುದಾದರೆ ನಿನ್ನ ಮೇಜು ಒರೆಸಿಟ್ಟಿದ್ದೇನೆ. ಕಿಟಕಿಯ ಬದಿಗೆ ಸರಿಸಿದ್ದೇನೆ, ಸಪ್ಪಳ ಕಟ್ಟೆಯವರೆಗೆ ಹೋಗಲಿ ಎಂದು. ಫ್ಯಾನು ಮಾತ್ರ ಮೊದಲಿನಂತೆ ನನ್ನ ಕಡೆಗೇ ತಿರುಗಿದೆ. ಅಷ್ಟು ಬೇಗ ಪೂರ್ತಿ ಒಳ್ಳೆಯವಳಾಗಲು ಆಗದು.

ಕ್ಷಮಿಸು ಎಂದು ಬರೆಯಲು ಮೂರು ಸಲ ಪೆನ್ನು ಎತ್ತಿದೆ. ಅರ್ಜಿಯಲ್ಲಿ ಕೇಳಿದ್ದು ಮಂಜೂರಾಗಲೇಬೇಕೆಂಬ ಕಾನೂನಿಲ್ಲ, ನಮ್ಮಿಬ್ಬರಿಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು. ಆದರೂ ಕೇಳಿದ್ದೇನೆ.

ಇಂತಿ ಅರ್ಜಿದಾರಳು, ಎಂಟು ತಿಂಗಳಿಗೆ ನಿನ್ನ ಅಕ್ಕ,
ಮೋನಿ

ತಾ.ಕ.: ನಿನ್ನ ಕೈ ಹೋಯಿತು ಎಂಬ ಮಾತು ಎದ್ದದ್ದು ಕಟ್ಟೆಯ ಮೇಲೆ, ಎಲ್ಲರೆದುರು. ಅದನ್ನು ಅಳಿಸುವ ಮಾತು ಲಕೋಟೆಯೊಳಗೆ ಕದ್ದು ಬರುವುದು ಸರಿಯಲ್ಲ ಅನ್ನಿಸಿತು. ಇವತ್ತು ಮಧ್ಯಾಹ್ನ, ಲಕೋಟೆಗೆ ಅಂಟು ಹಚ್ಚುವ ಮೊದಲು, ಅಂಗಡಿ ಸಾಲಿನವರನ್ನೆಲ್ಲ ಕಟ್ಟೆಗೆ ಕರೆದು ಈ ಪತ್ರವನ್ನು ಗಟ್ಟಿಯಾಗಿ ಓದಿದೆ. ಮುಗಿದ ಮೇಲೆ ಸಾಕ್ಷಿಯ ಸಹಿ ಕೇಳಿದೆ. ಗೊಲ್ಲಾಳಮ್ಮ ಹೆಬ್ಬೆಟ್ಟು ಮುಂದೆ ಮಾಡಿದವಳು ಹಿಂದಕ್ಕೆ ತೆಗೆದುಕೊಂಡು, 'ವಯಸ್ಸಾತು ಅಂದ್ಯಂತಲ್ಲ, ಅಲ್ಲಿಂದ ಇನ್ನೊಮ್ಮೆ ಓದವಾ' ಅಂದಳು. ಎರಡನೇ ಸಲ ಆ ಸಾಲಿಗೆ ಬಂದು ಹಾಳೆ ಕೆಳಗಿಟ್ಟೆ. ಉಳಿದದ್ದನ್ನು ಚನ್ನಯ್ಯ ಓದಿದ, ನಡುನಡುವೆ ಮೂಗು ಒರೆಸಿಕೊಳ್ಳುತ್ತ. ಕೆಳಗಿನ ನೀಲಿ ಹೆಬ್ಬೆಟ್ಟು ಗೊಲ್ಲಾಳಮ್ಮನದು, ಸೊಟ್ಟ ಸಹಿ ಅವನದು.