ಇದರಾಚೆ ನನಗೆ ಗೊತ್ತಿಲ್ಲ

ಕೆಂಪುಕಣಿವೆ, ಮಂಗಳಗ್ರಹ
ವರ್ಷ 178, ಇಪ್ಪತ್ತೆರಡನೇ ತಿಂಗಳು, ಒಂಬತ್ತನೇ ದಿನ (ಇಲ್ಲಿಯ ಎಣಿಕೆ, ವರ್ಷಕ್ಕೆ ಇಪ್ಪತ್ತನಾಲ್ಕು ತಿಂಗಳು)

ಹಾವೇರಿಯ ಅನುಸೂಯಾ ಅಜ್ಜಿಯವರಿಗೆ ಚೆನ್ನವ್ವನ ನಮಸ್ಕಾರಗಳು.

ನಿಮಗೀಗ ಮೂವತ್ತನಾಲ್ಕೇ ವಯಸ್ಸೆಂದು ಬಲ್ಲೆ. ಆದರೆ ಮುನ್ನೂರೆಪ್ಪತ್ತು ವರ್ಷ ಹಿಂದಿನವರನ್ನು ಇನ್ನೇನೆಂದು ಕರೆಯುವುದೋ ತಿಳಿಯಲಿಲ್ಲ. ನೀವು ಕೇಳದ ಮಾತುಗಳು ನನ್ನ ಕನ್ನಡದಲ್ಲಿ ನುಸುಳಿದರೆ ಮನ್ನಿಸಿ. ಕಾಲೇಜಿನಲ್ಲಿ ಪಾಠ ಮಾಡಿ ಬಂದು ನೀವು ಬರೆಯುತ್ತಿರುವ ಆ ಪುಟ್ಟ ಸಾಫ್ಟ್‌ವೇರ್ ಲೈಬ್ರರಿ, ಯಾವ ಗ್ರಹ ಯಾವ ದಿನ ಎಲ್ಲಿರುತ್ತದೆಂದು ಹೇಳುವ ಒಂಬೈನೂರು ಸಾಲಿನ ಕೋಡ್, ಇಲ್ಲಿ ಇನ್ನೂ ಓಡುತ್ತಿದೆ. ದೊಡ್ಡ ದೊಡ್ಡ ತಂತ್ರಾಂಶಗಳೆಲ್ಲ ಭೂಮಿಯಿಂದ ಅಪ್‌ಡೇಟ್ ಬರದೆ ಕೆಟ್ಟು ಕೂತವು. ನಿಮ್ಮದು ಯಾರನ್ನೂ ಏನೂ ಕೇಳುವುದಿಲ್ಲ.

ಬೆಳಿಗ್ಗೆ ಮನೆಯಲ್ಲಿ ಪಾಚಿರೊಟ್ಟಿ ಬೇಯುವಷ್ಟರಲ್ಲಿ ನಾನು ಕಚೇರಿಗೆ ಹೋಗಿ ಸೆರೆಸ್ ಎಂಬ ಕಿರುಗ್ರಹ ಎಲ್ಲಿದೆಯೆಂದು ನೋಡುತ್ತೇನೆ. ನಮ್ಮ ಹೊಲಗಳಿಗೆ ಗೊಬ್ಬರ ಅಲ್ಲಿಂದಲೇ ಬರಬೇಕು. ತರಲು ಹೋಗುವುದು ಎಸೆಬಂಡಿ. ಅಂದರೆ ಎಂಜಿನ್ ಇಲ್ಲದ, ಒಮ್ಮೆ ಗುರಿಯಿಟ್ಟು ಎಸೆದ ಮೇಲೆ ತಿರುಗಿಸಲಾಗದ ನೌಕೆ. ಗುರಿ ಮುಟ್ಟಿದರೆ ಸೆರೆಸ್‌ನವರು ಅದನ್ನು ಹಿಡಿದು, ಗೊಬ್ಬರ ತುಂಬಿ ಇತ್ತ ಎಸೆಯುತ್ತಾರೆ.

ನಿಮ್ಮ ಎಣಿಕೆಯಲ್ಲಿ ಎರಡು ವರ್ಷದ ಹಿಂದೆ, 2400 ಮುಗಿದ ಮರುದಿನ, ಅಂಕಿಯ ಬದಲು ನೀವು ಬರೆದಿಟ್ಟ ಸಾಲು ಬಂತು: "ಇದರಾಚೆ ನನಗೆ ಗೊತ್ತಿಲ್ಲ. ಹೊರಗೆ ಹೋಗಿ ನೋಡಿ." ಬಂಡಿ ಹೊರಡಲು ಮೂರೇ ದಿನವಿತ್ತು. ಊರವರು ನನ್ನ ತಲೆ ತಿಂದರು. ನನಗೂ ನಿಮ್ಮ ಮೇಲೆ ಕೆಟ್ಟ ಸಿಟ್ಟು ಬಂತು. ಎಂದೋ ಹೋದವರ ಉಪದೇಶ ಯಾರಿಗೆ ಬೇಕು ಎಂದು ಕೋಡ್‌ನಿಂದ ಆ ಸಾಲನ್ನೂ ತಡೆಯನ್ನೂ ಅಳಿಸಿದೆ. ತಕ್ಷಣ ಅಂಕಿ ಬಂತು, ಎಂಟು ದಶಮಾಂಶದವರೆಗೆ. ಅದನ್ನು ನಂಬಿ ಎಸೆದ ಬಂಡಿಯಲ್ಲಿ ನನ್ನ ಅಣ್ಣ ಗುರುಪಾದ ಕೂತಿದ್ದ.

ಅವನಿಗೆ ಸೆರೆಸ್ ಸಿಗಲಿಲ್ಲ; ನಿಮ್ಮ ಕಾಲದ ಅಳತೆ ಹಳತಾಗಿ ಅಂಕಿ ನಿಜದಿಂದ ಜಾರಿತ್ತು. ಅದು ದೂರದಲ್ಲೇ ಹಾದುಹೋಗುವುದನ್ನು ಕಿಟಕಿಯಿಂದ ನೋಡಿದನಂತೆ. ರೇಡಿಯೋ ನಿಲ್ಲುವ ಮುಂಚೆ ಒಂದು ಬೈಗುಳವೂ ಇಲ್ಲ. "ತಂಗಿ, ಅಂಕಿ ಬಂತಂತ ನಂಬಬ್ಯಾಡ. ಹೊರಗ ಹೋಗಿ ನೋಡು," ಅಂದ. ನಿಮ್ಮ ಸಾಲನ್ನು ನಾನು ಅವನಿಗೆ ತೋರಿಸಿರಲೇ ಇಲ್ಲ.

ಅಂದಿನಿಂದ ದಿನವೂ ಸೂರ್ಯ ಮುಳುಗಿದ ಮೇಲೆ ಹೊರಮೈ, ಅಂದರೆ ಗಾಳಿ ತುಂಬಿದ ಉಡುಪು, ತೊಟ್ಟು ದೂರದರ್ಶಕ ಹೊತ್ತು ಗುಡ್ಡ ಹತ್ತಿದೆ. ಬೆರಳು ಮರಗಟ್ಟಿದವು, ಬಿಡಲಿಲ್ಲ. ಅಳೆದು ಅಳೆದು ಹಳೆಯ ಅಂಕಿಗಳನ್ನೆಲ್ಲ ತಿದ್ದಿದೆ. ಮುಂದಿನ ವಾರದ ಬಂಡಿಗೆ ನನ್ನ ಲೆಕ್ಕವೇ ಗುರಿ. ಅದರಲ್ಲಿ ಬೇರೆ ಯಾರನ್ನೂ ಕೂರಿಸುವುದಿಲ್ಲ, ನಾನೇ ಹೋಗುತ್ತೇನೆ. ಈ ವಿಷಯದಲ್ಲಿ ಚರ್ಚೆ ಬೇಡವೆಂದು ಊರಿಗೂ ಹೇಳಿಯಾಗಿದೆ.

ನಿಮ್ಮಲ್ಲಿ ಒಂದೇ ಕೋರಿಕೆ. ಆ ಸಾಲು ಬಳಸುವವರಿಗೆ ಕಿರಿಕಿರಿ, ತೆಗೆದುಬಿಡಿ ಎಂದು ನಿಮ್ಮ ಜೊತೆಯವರು ದುಂಬಾಲು ಬೀಳುತ್ತಾರೆ; ಕೋಡ್ ಜೊತೆ ಉಳಿದ ಟಿಪ್ಪಣಿಗಳಲ್ಲಿ ಓದಿದ್ದೇನೆ. ತೆಗೆಯಬೇಡಿ. ಅದು ಇಲ್ಲದಿದ್ದರೆ ಅಣ್ಣ ಹೋದದ್ದು ಯಾರ ತಪ್ಪಿನಿಂದ ಎಂದೇ ನನಗೆ ತಿಳಿಯುತ್ತಿರಲಿಲ್ಲ. ಇನ್ನೊಬ್ಬರನ್ನು ಅದೇ ಅಂಕಿ ನಂಬಿ ಎಸೆಯುತ್ತಿದ್ದೆ.

ಅಳಿಸಿದ ಜಾಗದಲ್ಲೇ ಅದನ್ನು ಮತ್ತೆ ಬರೆದಿದ್ದೇನೆ, ನಿಮ್ಮದೇ ಮಾತಿನಲ್ಲಿ. ಅದು ಕಾಣಿಸಿಕೊಳ್ಳುವ ವರ್ಷ ಮಾತ್ರ 2400 ಹೋಗಿ 2450 ಆಗಿದೆ. ಕೆಳಗೆ ಅಣ್ಣನ ಹೆಸರಿದೆ.